ತರಮಣಿಯಲ್ಲಿ ಮಗ್ಗದ ಪಾಠ

ಚೆನ್ನೈನ ರಾಜೀವ್ ಗಾಂಧಿ ಸಾಲೈ ಎಂದರೆ ಸಾಫ್ಟ್‌ವೇರ್ ಕಂಪನಿಗಳ ಬೀದಿ. ಅದೇ ರಸ್ತೆಯ ತರಮಣಿಯಲ್ಲಿರುವ ನಿಫ್ಟ್ ಆವರಣದಲ್ಲಿ ಕಂಪ್ಯೂಟರಿನ ಜೊತೆಗೆ ಮಗ್ಗಕ್ಕೂ ಜಾಗವಿದೆ ಎಂಬುದೇ ಮನಸ್ಸಿಗೆ ಹಿತ.

ದೆಹಲಿಯಲ್ಲಿ 1986ರಲ್ಲಿ ಹುಟ್ಟಿದ ಈ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಚೆನ್ನೈಗೆ ಬಂದದ್ದು 1995ರಲ್ಲಿ. ಪದವಿ ನೀಡುವ ಅಧಿಕಾರ ದೊರೆತದ್ದು 2006ರ ಕಾಯ್ದೆಯಿಂದ. ಜವಳಿ, ಹೆಣಿಗೆ ಉಡುಪು, ಚರ್ಮದ ವಸ್ತು, ಹೀಗೆ ಹಲವು ಬಗೆಯ ವಿನ್ಯಾಸದ ತರಗತಿಗಳಿವೆ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಚಿ ಸೀರೆಯ ರುದ್ರಾಕ್ಷಿ ಅಂಚು. ಕಂಪ್ಯೂಟರ್ ಪರದೆಯ ಮೇಲೆ ದುಂಡಗಿರುವ ರುದ್ರಾಕ್ಷಿ ಮಗ್ಗದಲ್ಲಿ ಮೊಟ್ಟೆಯಾಕಾರ ತಾಳಬಹುದು. ಅಂಗುಲಕ್ಕೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ತಂತ್ರಾಂಶಕ್ಕೆ ಮೊದಲೇ ತಿಳಿಸಬೇಕು. ಹಿಂದೆ ಗ್ರಾಫ್ ಹಾಳೆಯಲ್ಲಿ ಒಂದೊಂದೇ ಮನೆ ತುಂಬಿ, ಅದನ್ನು ನೋಡಿಕೊಂಡು ಜಕಾರ್ಡ್ ಕಾರ್ಡುಗಳಿಗೆ ತೂತು ಹೊಡೆಯಲು ದಿನಗಟ್ಟಲೆ ಹಿಡಿಯುತ್ತಿತ್ತು. ಈಗ ತಿದ್ದುವುದು ಸುಲಭ. ಆದರೆ ಎಳೆ ಎಣಿಸಿ ಗೊತ್ತಿಲ್ಲದವರಿಗೆ ಏನು ತಿದ್ದಬೇಕೆಂಬುದೇ ಹೊಳೆಯದು.

ಮಾತಿಗೆ ಸಿಕ್ಕ ಕಂಚಿಯ ಹಿರಿಯ ನೇಕಾರರೊಬ್ಬರಿಗೆ ಕಂಪ್ಯೂಟರಿನ ಮೇಲೆ ಮುನಿಸಿಲ್ಲ. ಅವರ ಕೊರಗು ಕೋರ್ವೈ ಎಂಬ ನೇಯ್ಗೆಯದು. ಒಡಲಿನ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು. ಮೂರು ಲಾಳಿ ಓಡಬೇಕು, ಎರಡು ಬಣ್ಣದ ಹೊಕ್ಕು ಕೂಡುವಲ್ಲಿ ಎಳೆಗೆ ಎಳೆ ಕೊಕ್ಕೆ ಹಾಕಬೇಕು. ಪಕ್ಕದಲ್ಲಿ ಇನ್ನೊಬ್ಬರು ಕೂರದೆ ಅದು ನಡೆಯದು. ಮೊದಲು ಮನೆಯ ಮಕ್ಕಳೇ ಕೂರುತ್ತಿದ್ದರಂತೆ. ಈಗ ಅವರು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಆದರೆ ಒಬ್ಬರ ಹೊಟ್ಟೆಗೇ ಸಾಲದ ಕೂಲಿಯಲ್ಲಿ ಜೊತೆಗಾರರನ್ನು ಎಲ್ಲಿಂದ ತರುವುದು ಎಂಬುದು ಅವರ ಪ್ರಶ್ನೆ. ಅಂಚನ್ನು ಬೇರೆ ಲಾಳಿಯಿಂದ ನೇಯದೆ, ಒಂದೇ ಹೊಕ್ಕಿನಲ್ಲಿ ಮುಗಿಸುವ ಸೀರೆಗಳು ಅದಕ್ಕೇ ಹೆಚ್ಚುತ್ತಿವೆ.

ಈ ಚಿಂತೆ ನಮಗೂ ಹೊರಗಿನದಲ್ಲ. ಕಂಚಿಯ ಮಗ್ಗಗಳಿಗೆ ಕರ್ನಾಟಕದ ರೇಷ್ಮೆ ಹೋಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸುವುದೂ ಕೈಯ ಕಸುಬೇ.

ಮೊದಲ ರಾಷ್ಟ್ರೀಯ ಕೈಮಗ್ಗ ದಿನಕ್ಕೆ 2015ರ ಆಗಸ್ಟ್ 7ರಂದು ಚಾಲನೆ ಸಿಕ್ಕಿದ್ದು ಚೆನ್ನೈನ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ. ದಿನಾಚರಣೆಗಿಂತ ಹೆಚ್ಚಿನದನ್ನು ಮಾಡುವ ಶಕ್ತಿ ನಿಫ್ಟ್‌ನ ಇಂಥ ತರಗತಿಗಳಿಗಿದೆ. ನಾಳೆ ಸೀರೆಗೆ ಬೆಲೆ ಕಟ್ಟುವವರು ಇಲ್ಲಿ ಓದುತ್ತಿರುವ ಮಕ್ಕಳೇ. ಕೋರ್ವೈ ಸೀರೆಯ ಖರ್ಚಿನ ಲೆಕ್ಕದಲ್ಲಿ ಇಬ್ಬರ ಕೂಲಿ ಬರೆಯುವುದನ್ನು ಅವರಿಗೆ ಮೊದಲ ವರ್ಷವೇ ಕಲಿಸಲಿ.