ಹೆಸರಿಲ್ಲದೆ ಉಳಿದವರು

ಚರಿತ್ರೆಯ ಪುಟಗಳಲ್ಲಿ ಸ್ತ್ರೀಯರು ಬಹುಮಟ್ಟಿಗೆ ಸಂಖ್ಯೆಯಾಗಿಯೇ ಕಾಣಿಸಿಕೊಳ್ಳುತ್ತಾರೆ. 1942ರ ಜುಲೈ 20ರಂದು ನಾಗಪುರದಲ್ಲಿ ಜರುಗಿದ ದಲಿತ ಮಹಿಳೆಯರ ಸಮ್ಮೇಳನದಲ್ಲಿ ಸುಮಾರು 25,000 ಸ್ತ್ರೀಯರು ನೆರೆದಿದ್ದರೆಂದು ಓದುತ್ತೇವೆ. ಅಧ್ಯಕ್ಷತೆ ವಹಿಸಿದ ಸುಲೋಚನಾಬಾಯಿ ಡೋಂಗರೆಯವರ ಹೆಸರೇನೋ ಉಳಿಯಿತು. ಮಿಕ್ಕವರು ಯಾರು?

ಈ ಬಗೆಯ ಪ್ರಶ್ನೆಯನ್ನು ಬೆನ್ನುಹತ್ತಿದವರು ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ ಎಂಬ ಇಬ್ಬರು ಮರಾಠಿ ಲೇಖಕಿಯರು. ಡಾ. ಅಂಬೇಡ್ಕರರ ಚಳವಳಿಯಲ್ಲಿ ದುಡಿದ ಸ್ತ್ರೀಯರನ್ನು ಅರಸಿ ಹೋಗಿ, ವೃದ್ಧೆಯರ ಎದುರು ಕುಳಿತು, ಅವರ ಬಾಳಿನ ಕಥೆಯನ್ನು ಅವರ ಬಾಯಿಂದಲೇ ಕೇಳಿ, 1989ರಲ್ಲಿ ‘ಆಮ್ಹೀಹೀ ಇತಿಹಾಸ ಘಡವಲಾ’ ಎಂಬ ಗ್ರಂಥವನ್ನು ಹೊರತಂದರು. ‘ನಾವೂ ಇತಿಹಾಸವನ್ನು ನಿರ್ಮಿಸಿದೆವು’ ಎಂದು ಅದರ ಅರ್ಥ. ವ್ಯಾಕರಣ ಹೇಳಿಕೊಡುವವನಾದ ನನಗೆ ಆ ‘ನಾವೂ’ ಎಂಬಲ್ಲಿಯ ದೀರ್ಘವೊಂದೇ ಬಹಳ ಹೊತ್ತು ಕಿವಿಯಲ್ಲಿ ನಿಂತಿತು.

ಈ ಚಳವಳಿಯ ಸ್ತ್ರೀಯರಲ್ಲಿ ಜಾಯಿಬಾಯಿ ಚೌಧರಿ ಒಬ್ಬರು. ಅಸ್ಪೃಶ್ಯವೆನಿಸಿದ ಕುಲದಲ್ಲಿ ಹುಟ್ಟಿ, ತಲೆಯ ಮೇಲೆ ಹೊರೆ ಹೊತ್ತು ನಾಗಪುರದಿಂದ ಕಾಮ್ಠಿಗೆ ನಡೆದು ಕೂಲಿ ಸಂಪಾದಿಸುತ್ತಿದ್ದ ಹೆಣ್ಣುಮಗಳು. ಅಕ್ಷರ ಬಲ್ಲವಳೆಂದು ತಿಳಿದ ಕ್ರೈಸ್ತ ಸನ್ಯಾಸಿನಿಯೊಬ್ಬರು ಶಾಲೆಯಲ್ಲಿ ಕೆಲಸ ಕೊಡಿಸಿದರು. ಆದರೆ ಇಂಥವಳಿಂದ ತಮ್ಮ ಮಕ್ಕಳು ಪಾಠ ಕಲಿಯಬೇಕೆ ಎಂದು ತಂದೆತಾಯಿಗಳು ಕೂಗೆಬ್ಬಿಸಿದುದರಿಂದ ಕೆಲಸ ಹೋಯಿತು. ಆಕೆ ಮತ್ತೆ ಹೊರೆಗೆ ಮರಳಿ ಸುಮ್ಮನಿರಲಿಲ್ಲ. 1920ರ ದಶಕದಲ್ಲಿ ನಾಗಪುರದಲ್ಲಿ ತಾವೇ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು. ಅದಕ್ಕೆ ಇಟ್ಟ ಹೆಸರು ಸಂತ ಚೋಖಾಮೇಳನದು.

1937ರ ಡಿಸೆಂಬರಿನಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನವು ಅದೇ ನಾಗಪುರದಲ್ಲಿ ಸೇರಿತು. ವಿದ್ಯಾವತಿಯರ ಸಭೆ. ಊಟದ ಹೊತ್ತಿಗೆ ಜಾಯಿಬಾಯಿಯವರನ್ನು ಬೇರೆ ಕೂರಿಸಿದರು. 1938ರ ಜನವರಿ 1ರಂದು ದಲಿತ ಸ್ತ್ರೀಯರು ಸಭೆ ಸೇರಿ ಈ ಅಪಮಾನವನ್ನು ಪ್ರತಿಭಟಿಸಿದರು.

ಇಂಥವರ ಚರಿತ್ರೆ ಏಕೆ ಮರೆಯಾಯಿತೆಂಬುದಕ್ಕೆ ಆ ಬೇರೆ ಪಂಕ್ತಿಯೇ ಸಾಕ್ಷಿಯೆಂದು ನನಗೆ ತೋರುತ್ತದೆ. ಸ್ತ್ರೀಯರ ಚಳವಳಿಯ ಕಥೆಯನ್ನು ಬರೆದವರು ಒಳಗಿನ ಪಂಕ್ತಿಯವರು. ದಲಿತರ ಹೋರಾಟದ ಕಥೆಯನ್ನು ಬರೆದವರು ಬಹುತೇಕ ಗಂಡಸರು. ಎರಡರ ನಡುವೆ ಜಾಯಿಬಾಯಿಯವರಂಥವರು ಜಾರಿಹೋದರು. ಕಾಗದಪತ್ರವಿದ್ದರೆ ಮಾತ್ರ ಜೀವನಚರಿತ್ರೆ ಎಂದು ನಾವು ತರಗತಿಯಲ್ಲಿ ಬೋಧಿಸುವ ನಿಯಮ ಇಲ್ಲಿ ಸಾಲದು. ಬಾಯಿಮಾತನ್ನು ಕೇಳಬೇಕು, ಕೇಳಿದ್ದನ್ನು ಒರೆಹಚ್ಚಬೇಕು. ಅಭಿಮಾನದಿಂದ ಕಟ್ಟುಕಥೆ ಬೆಸೆದರೆ ಅದು ಎರಡನೆಯ ಅನ್ಯಾಯ.

ಅನ್ಯರ ಬಾಳನ್ನು ಬರೆದ ಊರ್ಮಿಳಾ ಪವಾರರು 2003ರಲ್ಲಿ ತಮ್ಮದನ್ನೂ ಬರೆದರು. ಆ ಆತ್ಮಕಥೆಯ ಹೆಸರು ‘ಆಯದಾನ್’, ಅಂದರೆ ಬಿದಿರಿನ ಹೆಣಿಗೆಯ ಸಾಮಾನು. ಅವರ ತಾಯಿ ಬುಟ್ಟಿ ಹೆಣೆದು ಮಕ್ಕಳನ್ನು ಸಾಕಿದವರು.