ಹಳೆಯ ಪಿಕಪ್‌ನಿಂದ ಹಾಟ್ ರಾಡ್: ಉಳಿಸುವುದೇನು, ಬದಲಿಸುವುದೇನು?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ನಾಲ್ಕಾರು ತಿಂಗಳು ಇದ್ದು ಬಂದ ನಮ್ಮ ಹಿರಿಯರಲ್ಲಿ ಕೆಲವರಾದರೂ ಅಲ್ಲಿನ ಬೇಸಿಗೆಯ ರಜಾದಿನಗಳಲ್ಲಿ ಅಂಗಡಿ ಸಾಲಿನ ಮುಂದಿನ ಬಯಲಿನಲ್ಲಿ ಬಾನೆಟ್ ತೆರೆದು ನಿಲ್ಲಿಸಿದ ವಿಚಿತ್ರ ವಾಹನಗಳನ್ನು ಕಂಡಿರಬಹುದು. ಆಕಾರ ನೋಡಿದರೆ ಅಜ್ಜನ ಕಾಲದ ಪುಟ್ಟ ಲಾರಿ, ಸದ್ದು ಕೇಳಿದರೆ ಪಂದ್ಯದ ಕಾರು! ಅದಕ್ಕೇ ಹಾಟ್ ರಾಡ್ ಎಂದು ಹೆಸರು. ಹಳೆಯ ಗಾಡಿಗೆ ಹೊಸ ಬಣ್ಣ ಬಳಿದಿದ್ದಾರೆ, ಅಷ್ಟೇ ಎಂದು ನೋಡುವವರಿಗೆ ತೋರುವುದು ಸಹಜ. ವಾಸ್ತವವಾಗಿ ಅದು ಅಷ್ಟು ಸರಳವಾದ ಕೆಲಸವಲ್ಲ.

ಹಳೆಯ ವಾಹನದೊಂದಿಗೆ ಮಾಡಬಹುದಾದ ಕೆಲಸ ಎರಡು ಬಗೆಯದು. ಒಂದು ಜೀರ್ಣೋದ್ಧಾರ, ಎಂದರೆ ಗಾಡಿ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಅದನ್ನು ಮರಳಿ ನಿಲ್ಲಿಸುವುದು. ಅಲ್ಲಿ ಒಂದು ಸ್ಕ್ರೂ ಕೂಡ ಬೇರೆ ತರಹದ್ದಾಗಿರಬಾರದು. ಹಾಟ್ ರಾಡ್ ಇದರ ವಿರುದ್ಧ ದಿಕ್ಕಿನದು. ಹೊರಗಿನ ರೂಪ ಹಳೆಯದು, ಒಳಗಿನ ಪ್ರಾಣ ಹೊಸದು. ಮೊದಲನೆಯದರಲ್ಲಿ ತಪ್ಪಿದರೆ ತಿದ್ದಿಕೊಳ್ಳಬಹುದು. ಎರಡನೆಯದರಲ್ಲಿ ಒಮ್ಮೆ ಕತ್ತರಿಸಿದ ತಗಡನ್ನು ಮೊದಲಿನಂತೆ ಮಾಡುವುದು ಬಹುತೇಕ ಅಸಾಧ್ಯ.

ಈ ಹವ್ಯಾಸ ಹುಟ್ಟಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, 1920 ಮತ್ತು 1930ರ ದಶಕಗಳಲ್ಲಿ. ಲಾಸ್ ಏಂಜಲೀಸ್‌ನಿಂದ ಆಚೆಗಿನ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಬತ್ತಿದ ಕೆರೆಗಳಿವೆ. ಮೈಲಿಗಟ್ಟಲೆ ಹರಡಿದ ಅವುಗಳ ಗಟ್ಟಿ ನೆಲದಲ್ಲಿ ಯುವಕರು ತಮ್ಮ ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡು, ಗಾಜು ಮುಂತಾದ ಅನಗತ್ಯ ಭಾರವನ್ನೆಲ್ಲ ಕಳಚಿ ವೇಗವನ್ನು ಅಳೆಯುತ್ತಿದ್ದರು. ಕೊಳ್ಳಲು ಹಣವಿಲ್ಲದವರ ಪಂದ್ಯವದು. 1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿನಲ್ಲಿ ತಂದಾಗ ಈ ಹುಡುಗರಿಗೆ ಹಬ್ಬವಾಯಿತು. 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪನೆಗೊಂಡು ಪಂದ್ಯಗಳಿಗೆ ಒಂದು ಶಿಸ್ತು ಬಂತು. ಎರಡನೆಯ ಮಹಾಯುದ್ಧ ಮುಗಿಸಿ ಮರಳಿದ ಸೈನಿಕರು ಸೇನೆಯಲ್ಲಿ ಕಲಿತ ಯಂತ್ರವಿದ್ಯೆಯನ್ನೂ ಕೂಡಿಟ್ಟ ಸಂಬಳವನ್ನೂ ಜೊತೆಗೆ ತಂದರು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಅದರ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರಮಟ್ಟದ ಸಂಘಟನೆಯೊಂದನ್ನು ಕಟ್ಟಿ, ಬೀದಿಯಲ್ಲಿ ನಡೆಯುತ್ತಿದ್ದ ಅಪಾಯಕರ ಓಟವನ್ನು ಪಂದ್ಯದ ಹಾದಿಗೆ ಸಾಗಿಸಲು ಶ್ರಮಿಸಿದರು.

ಆರಂಭದಲ್ಲಿ ಹಗುರವಾದ ತೆರೆದ ಕಾರುಗಳಿಗೇ ಬೇಡಿಕೆ. ರೈತರ ಹೊಲದಲ್ಲಿ ಹುಲ್ಲು, ಗೊಬ್ಬರ ಹೊರುತ್ತಿದ್ದ ಪಿಕಪ್ ಗಾಡಿಗಳನ್ನು ಕೇಳುವವರಿರಲಿಲ್ಲ. ಆದರೆ ಪಿಕಪ್‌ನಲ್ಲಿ ಅನುಕೂಲಗಳಿವೆ. ಅದರ ಚಾಸಿ ಬೇರೆ, ಕ್ಯಾಬಿನ್ ಬೇರೆ, ಹಿಂದಿನ ಸರಕಿನ ತೊಟ್ಟಿ ಬೇರೆ; ಬೋಲ್ಟು ಬಿಚ್ಚಿ ಒಂದೊಂದನ್ನೇ ಕೆಳಗಿಳಿಸಬಹುದು. ಮನೆಯ ಗ್ಯಾರೇಜಿನಲ್ಲಿ ಇಬ್ಬರು ಮೂವರು ಸೇರಿ ಮಾಡುವ ಕೆಲಸಕ್ಕೆ ಇದಕ್ಕಿಂತ ಬೇರೇನು ಬೇಕು? ನಾವಿಲ್ಲಿ ಉದಾಹರಣೆಗಾಗಿ 1947ರಿಂದ 1955ರ ಆರಂಭದವರೆಗೆ ತಯಾರಾದ ಷೆವರ್ಲೆ ಪಿಕಪ್ಪನ್ನು ಆರಿಸಿಕೊಳ್ಳುತ್ತೇವೆ. ದುಂಡನೆಯ ಮಡ್‌ಗಾರ್ಡು, ಮುಂದೆ ಅಡ್ಡ ಪಟ್ಟಿಗಳ ಜಾಲರಿ, ಹಿಂದೆ ಮರದ ಹಲಗೆ ಹಾಸಿದ ತೊಟ್ಟಿ ಇರುವ ಈ ಗಾಡಿ ಇಂದಿಗೂ ಹಾಟ್ ರಾಡ್ ಪ್ರಿಯರ ಅಚ್ಚುಮೆಚ್ಚು. ಮುಂಬಯಿಗರಿಗೆ ಷೆವರ್ಲೆ ಹೆಸರು ಹೊಸದಲ್ಲ. ಜನರಲ್ ಮೋಟಾರ್ಸ್ ಸಂಸ್ಥೆ 1928ರಲ್ಲೇ ನಮ್ಮ ಶಿವ್ಡಿಯಲ್ಲಿ ಕಾರ್ಖಾನೆ ತೆರೆದು ಷೆವರ್ಲೆ ಕಾರು, ಲಾರಿಗಳನ್ನು ಜೋಡಿಸುತ್ತಿತ್ತು. 1950ರ ದಶಕದ ಮಧ್ಯಭಾಗದಲ್ಲಿ ಅದು ಮುಚ್ಚಿತು.

ಗಾಡಿ ಕೊಳ್ಳುವಾಗಲೇ ಮೊದಲ ತೀರ್ಮಾನ. ಎಂಜಿನ್ ಕೆಟ್ಟಿದೆಯೇ, ಆಸನ ಹರಿದಿದೆಯೇ ಎಂಬುದನ್ನು ಹಾಟ್ ರಾಡ್ ಕಟ್ಟುವವರು ಲೆಕ್ಕಕ್ಕಿಡುವುದಿಲ್ಲ. ಹೇಗಿದ್ದರೂ ಅವು ಹೊರಗೆ ಹೋಗತಕ್ಕವು. ಅವರು ನೋಡುವುದು ತುಕ್ಕನ್ನು. ಕ್ಯಾಬಿನ್ನಿನ ಮೂಲೆಗಳು, ಕಾಲಿಡುವ ನೆಲ, ಬಾಗಿಲಿನ ಕೆಳ ಅಂಚು, ಚಾಸಿಯ ಮೇಲೆ ಕ್ಯಾಬಿನ್ ಕುಳಿತಿರುವ ಜಾಗಗಳು ಇವೆಲ್ಲ ನೀರು ನಿಂತು ಕರಗುವ ಸ್ಥಳಗಳು. ಪುಟ್ಟಿ ಮೆತ್ತಿ ಮುಚ್ಚಿರುವ ತೂತನ್ನು ಪತ್ತೆಹಚ್ಚಲು ಕೈಯಲ್ಲೊಂದು ಅಯಸ್ಕಾಂತವಿದ್ದರೆ ಸಾಕು: ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಆದರೆ ಎಂಜಿನ್ನು, ತಗಡು, ಗಾಜು, ಬಣ್ಣ ಎಲ್ಲವೂ ಮೂಲದ್ದೇ ಆಗಿ ಉಳಿದುಬಂದ ಗಾಡಿ ಸಿಕ್ಕರೆ ಏನು ಮಾಡಬೇಕು? ಅಂಥದ್ದನ್ನು ಕತ್ತರಿಸಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಂತಹವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಹೊಸದಾಗಿ ಹುಟ್ಟುವುದಂತೂ ಇಲ್ಲ. ಎಂಜಿನ್ ಕಳೆದುಕೊಂಡು ಬೇಲಿ ಪಕ್ಕದಲ್ಲಿ ಬಿದ್ದಿರುವ ಗಾಡಿಗೆ ಹಾಟ್ ರಾಡ್ ಪುನರ್ಜನ್ಮ. ಸುಸ್ಥಿತಿಯಲ್ಲಿರುವ ಗಾಡಿಗೆ ಅದೇ ಅಂತ್ಯ.

ಕೆಲಸ ಆರಂಭವಾಗುವುದು ಎಂಜಿನ್ನಿನಿಂದಲ್ಲ, ಚಾಸಿಯಿಂದ. ಹೊಸಬರು ಎಡವುವುದು ಇಲ್ಲಿಯೇ. ದೊಡ್ಡ ಎಂಜಿನ್ ತಂದು ಗ್ಯಾರೇಜಿನಲ್ಲಿ ಇಟ್ಟುಕೊಂಡು ಆಮೇಲೆ ಉಳಿದದ್ದನ್ನು ಯೋಚಿಸುವವರೇ ಹೆಚ್ಚು. ಮೂಲ ಗಾಡಿಯ ಚಾಸಿಯ ಎರಡು ಉದ್ದ ಪಟ್ಟಿಗಳು ಒಂದು ಬದಿ ತೆರೆದ ತೊಟ್ಟಿಯಂತಿವೆ. ಸುಮಾರು 90 ಅಶ್ವಶಕ್ತಿಯ ಎಂಜಿನ್ನಿಗೆ ಅದು ಧಾರಾಳವಾಯಿತು. ಮೂರು ಪಟ್ಟು ಶಕ್ತಿಯ ಎಂಜಿನ್ ಕೂರಿಸಿದಾಗ ಅದು ಹಸಿ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳಲು ನೋಡುತ್ತದೆ. ಆದ್ದರಿಂದ ತೆರೆದ ಬದಿಗೆ ಉಕ್ಕಿನ ಪಟ್ಟಿ ಬೆಸೆದು ಅದನ್ನು ಮುಚ್ಚಿದ ಪೆಟ್ಟಿಗೆಯಂತೆ ಮಾಡುತ್ತಾರೆ. ಒಂದೇ ಸಮನೆ ಉದ್ದಕ್ಕೂ ವೆಲ್ಡಿಂಗ್ ಮಾಡಿದರೆ ಬಿಸಿಗೆ ಚಾಸಿಯೇ ಬಾಗುತ್ತದೆ. ಆದಕಾರಣ ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ ಬೆಸೆಯುತ್ತ, ಆರಲು ಬಿಡುತ್ತ, ಮೂಲೆಯಿಂದ ಮೂಲೆಗೆ ಅಳೆಯುತ್ತ ಸಾಗಬೇಕು. ತಾಳ್ಮೆಯ ಮೊದಲ ಪರೀಕ್ಷೆ ಇದು.

ಮೂಲ ಗಾಡಿಯ ಮುಂಭಾಗದಲ್ಲಿ ಒಂದೇ ಗಟ್ಟಿ ಆಕ್ಸಲ್ ಮತ್ತು ಎತ್ತಿನ ಗಾಡಿಯನ್ನು ನೆನಪಿಸುವ ಸವಾರಿ. ಇದನ್ನು ತೆಗೆದು, ಎರಡು ಗಾಲಿಗಳು ಪ್ರತ್ಯೇಕವಾಗಿ ಏರಿಳಿಯುವ ವ್ಯವಸ್ಥೆಯನ್ನು ಬೆಸೆಯುವುದು ವಾಡಿಕೆ. 1974ರಿಂದ 1978ರವರೆಗೆ ಬಂದ ಮಸ್ಟಾಂಗ್-2 ಎಂಬ ಚಿಕ್ಕ ಫೋರ್ಡ್ ಕಾರಿನ ವಿನ್ಯಾಸ ಇದಕ್ಕೆ ಬಹಳ ಜನಪ್ರಿಯ. ಕಾರಾಗಿ ಅದು ಅಷ್ಟೇನೂ ಮೆಚ್ಚುಗೆ ಗಳಿಸದಿದ್ದರೂ ಅದರ ಮುಂಭಾಗ ಮಾತ್ರ ಸಾವಿರಾರು ಹಾಟ್ ರಾಡ್‌ಗಳಲ್ಲಿ ಅಮರವಾಗಿದೆ!

ಇನ್ನು ಬ್ರೇಕು. ಪ್ರಾಣಕ್ಕೆ ಸಂಬಂಧಿಸಿದ್ದಾದ ಕಾರಣ ಇದನ್ನು ತುಸು ವಿವರವಾಗಿ ಹೇಳಬೇಕು. ಚಲಿಸುವ ವಾಹನದ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿಯನ್ನು 120ಕ್ಕೆ ಏರಿಸಿದರೆ ಅದನ್ನು ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಾಖ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಹಳೆಯ ಡ್ರಮ್ ಬ್ರೇಕು ಬಿಸಿಯಾದಂತೆ ಹಿಡಿತ ಕಳೆದುಕೊಳ್ಳುತ್ತದೆ. ಅದಲ್ಲದೆ ಆ ಕಾಲದ ಗಾಡಿಯಲ್ಲಿ ನಾಲ್ಕೂ ಗಾಲಿಗಳಿಗೆ ಬ್ರೇಕ್ ಎಣ್ಣೆ ಹೋಗುವುದು ಒಂದೇ ಕೋಣೆಯ ಮಾಸ್ಟರ್ ಸಿಲಿಂಡರಿನಿಂದ. ಎಲ್ಲೋ ಒಂದು ಕೊಳವೆ ಸೋರಿದರೆ ನಾಲ್ಕೂ ಬ್ರೇಕುಗಳು ಏಕಕಾಲಕ್ಕೆ ಇಲ್ಲವಾಗುತ್ತವೆ. ಆದ್ದರಿಂದ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು, ಮುಂದಕ್ಕೂ ಹಿಂದಕ್ಕೂ ಪ್ರತ್ಯೇಕ ಕೋಣೆಗಳಿರುವ ಮಾಸ್ಟರ್ ಸಿಲಿಂಡರ್, ಇವೆರಡು ಜೋಡಣೆಯಾಗುವವರೆಗೆ ಹೊಸ ಎಂಜಿನ್ನಿನ ಮಾತೆತ್ತುವುದು ಸಲ್ಲದು. ಬಣ್ಣಕ್ಕೆ, ಗಾಲಿಯ ಹೊಳಪಿಗೆ ಸಲೀಸಾಗಿ ಖರ್ಚು ಮಾಡುವವರು ಬ್ರೇಕಿನ ಹತ್ತಿರ ಬಂದಾಗ ಕೈ ಬಿಗಿ ಹಿಡಿಯುವುದು ವಿಚಿತ್ರವಾದರೂ ಸತ್ಯ.

ಮೂಲ ಎಂಜಿನ್ ಆರು ಸಿಲಿಂಡರಿನ ಸಾಧು ಪ್ರಾಣಿ. 3.5 ಲೀಟರ್ ಗಾತ್ರದ ಆ ಎಂಜಿನ್ನಿನ ಬೇರಿಂಗುಗಳು ಮೆದು ಲೋಹವನ್ನು ಎರಕ ಹೊಯ್ದು ಮಾಡಿದವು. ಕನೆಕ್ಟಿಂಗ್ ರಾಡುಗಳ ಬೇರಿಂಗುಗಳಿಗೆ ಎಣ್ಣೆ ಬಹುಮಟ್ಟಿಗೆ ಎರಚಲಿನಿಂದಲೇ ಒದಗಬೇಕು. ನಿಧಾನವಾಗಿ ಹೊರೆ ಎಳೆಯಲು ಅದು ಒಳ್ಳೆಯದೇ. ಆದರೆ ಹಿಂದಿನ ಆಕ್ಸಲಿನ ಗೇರು ಅನುಪಾತ 4.11 ಇರುವುದರಿಂದ ಗಂಟೆಗೆ 100 ಕಿಲೋಮೀಟರ್ ಓಡಬೇಕಾದರೆ ಎಂಜಿನ್ ನಿಮಿಷಕ್ಕೆ ಸುಮಾರು 3,000 ಸುತ್ತು ಸುತ್ತಬೇಕಾಗುತ್ತದೆ. ಇಂದಿನ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹೀಗೆ ಓಡಿಸಿದರೆ ಪಾಪ, ಅದು ಬಹುಕಾಲ ಬಾಳುವುದಿಲ್ಲ. ಎಂಜಿನ್ ಬದಲಿಸುವುದು ಕೇವಲ ಶೋಕಿಗಾಗಿ ಎಂದು ತಿಳಿಯುವವರು ಈ ಕಾರಣವನ್ನು ಗಮನಿಸಬೇಕು.

ಬದಲಿಗೆ ಬರುವುದು ಸಾಮಾನ್ಯವಾಗಿ ಷೆವರ್ಲೆ ಕಂಪನಿಯದ್ದೇ ವಿ-8. 1955ರಲ್ಲಿ 4.3 ಲೀಟರ್ ಗಾತ್ರದಲ್ಲಿ ಆರಂಭವಾಗಿ 1967ರಲ್ಲಿ 5.7 ಲೀಟರಿಗೆ ಬೆಳೆದ ಈ ಎಂಜಿನ್ ದಶಕಗಳ ಕಾಲ ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಇತ್ತೀಚಿನವರು 1997ರ ನಂತರದ ಎಲ್‌ಎಸ್ ಮಾದರಿಯನ್ನು ಮೆಚ್ಚುತ್ತಾರೆ. ಅದಕ್ಕೆ ಕಂಪ್ಯೂಟರ್ ನಿಯಂತ್ರಣ ಮತ್ತು ಹೆಚ್ಚಿನ ಒತ್ತಡದ ಪೆಟ್ರೋಲ್ ಪಂಪು ಬೇಕು. ವಿ-8 ಎಂಜಿನ್ ಉದ್ದದಲ್ಲಿ ಕಿರಿದು, ಅಗಲದಲ್ಲಿ ಹಿರಿದು. ಆದ್ದರಿಂದ ಎಡಬದಿಯ ಹೊಗೆಕೊಳವೆಗೂ ಸ್ಟೇರಿಂಗ್ ಪೆಟ್ಟಿಗೆಗೂ ಜಗಳ ಹತ್ತಿಕೊಳ್ಳುತ್ತದೆ. ರೇಡಿಯೇಟರ್ ದೊಡ್ಡದಾಗಬೇಕು. 1954ರವರೆಗಿನ ಈ ಗಾಡಿಗಳಲ್ಲಿ ಡ್ರೈವ್ ಶಾಫ್ಟ್ ಮುಚ್ಚಿದ ಕೊಳವೆಯೊಳಗೆ ತಿರುಗುತ್ತಿದ್ದುದರಿಂದ ಹೊಸ ಗೇರ್‌ಬಾಕ್ಸ್ ಕೂರಿಸಿದರೆ ಹಿಂದಿನ ಆಕ್ಸಲನ್ನೂ ಬದಲಿಸದೆ ಗತ್ಯಂತರವಿಲ್ಲ. ಹೀಗೆ ಒಂದನ್ನು ಮುಟ್ಟಿದರೆ ಹತ್ತು ಎದ್ದು ಬರುತ್ತವೆ. ಅರ್ಧಕ್ಕೆ ನಿಂತ ಗಾಡಿಗಳು ರಟ್ಟಿನ ಡಬ್ಬಿಗಳ ಸಮೇತ ಮಾರಾಟಕ್ಕೆ ಬರುವುದು ಈ ಕಾರಣದಿಂದಲೇ.

ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಅದನ್ನು 12ಕ್ಕೆ ಏರಿಸಿ ತಂತಿಗಳನ್ನೆಲ್ಲ ಹೊಸದಾಗಿ ಎಳೆಯಬೇಕು. ಈ ಸರಣಿಯ ಅನೇಕ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನೊಳಗೆ, ಆಸನದ ಬೆನ್ನ ಹಿಂದೆಯೇ ಇದೆ! ಅದನ್ನು ಹೊರಗೆ, ತೊಟ್ಟಿಯ ಕೆಳಗೆ ಸಾಗಿಸುವುದು ಬುದ್ಧಿವಂತಿಕೆ. ಸೀಟ್ ಬೆಲ್ಟ್ ಮೂಲ ಗಾಡಿಯಲ್ಲಿ ಇಲ್ಲವೇ ಇಲ್ಲ. ತಗಡಿಗೆ ತೂತು ಕೊರೆದು ಸಿಕ್ಕಿಸಿದ ಬೆಲ್ಟ್ ಅಪಘಾತದಲ್ಲಿ ಕಿತ್ತುಬರುವುದರಿಂದ ಅದರ ಬುಡಕ್ಕೆ ದಪ್ಪ ಉಕ್ಕಿನ ಫಲಕ ಬೆಸೆಯಬೇಕಾಗುತ್ತದೆ.

ಜನರು ಬೆರಗಾಗಿ ನೋಡುವುದು ಮೇಲ್ಛಾವಣಿ ತಗ್ಗಿಸಿದ ಗಾಡಿಗಳನ್ನು. ಕಿಟಕಿಯ ಕಂಬಗಳಿಂದ ಎರಡು ಮೂರು ಅಂಗುಲ ಕತ್ತರಿಸಿ ಛಾವಣಿಯನ್ನು ಕೆಳಗೆ ಕೂರಿಸುವ ಈ ಕೆಲಸ ಹೇಳಿದಷ್ಟು ಸುಲಭವಲ್ಲ. ಕಂಬಗಳು ನೆಟ್ಟಗಿಲ್ಲ, ಮೇಲೇರಿದಂತೆ ಒಳಕ್ಕೆ ವಾಲಿವೆ. ಮೂರು ಅಂಗುಲ ತೆಗೆದೊಡನೆ ಛಾವಣಿಯ ಅಂಚೂ ಕಂಬದ ತುದಿಯೂ ಒಂದಕ್ಕೊಂದು ಎದುರಾಗುವುದಿಲ್ಲ. ಆಗ ಛಾವಣಿಯನ್ನೇ ತುಂಡು ಮಾಡಿ ನಡುವೆ ತಗಡಿನ ಪಟ್ಟಿ ಸೇರಿಸಿ ಹಿಗ್ಗಿಸಬೇಕು, ಇಲ್ಲವೇ ಕಂಬಗಳನ್ನು ಮತ್ತಷ್ಟು ವಾಲಿಸಬೇಕು. ಬಾಗಿಲಿನ ಮೇಲ್ಚೌಕಟ್ಟಿಗೂ ಅದೇ ಗತಿ. 1953ರವರೆಗಿನ ಗಾಡಿಗಳ ಮುಂಗಾಜು ಚಪ್ಪಟೆಯಾದ ಎರಡು ತುಂಡುಗಳಾದ್ದರಿಂದ ಹೊಸ ಅಳತೆಗೆ ಕತ್ತರಿಸಬಹುದೆಂಬುದೊಂದೇ ಸಮಾಧಾನ. ಸೊಗಸಾದ ಛಾವಣಿಯ ಗಾಡಿಯನ್ನು ಕತ್ತರಿಸಿ ಕುರೂಪಗೊಳಿಸಿದ ನಿದರ್ಶನಗಳು ಕಡಿಮೆಯಿಲ್ಲ. ಈ ಗಾಡಿಯ ಕ್ಯಾಬಿನ್ ಇದ್ದ ಹಾಗೆಯೇ ಅಂದ ಎಂಬುದು ನಮ್ಮ ಭಾವನೆ.

ಅನುಭವಿಗಳು ಗಾಡಿಯನ್ನು ಎರಡು ಸಲ ಕಟ್ಟುತ್ತಾರೆ. ಮೊದಲು ಬಣ್ಣವಿಲ್ಲದೆ ಪೂರ್ತಿ ಜೋಡಿಸಿ, ಬಾಗಿಲು ಸರಿಯಾಗಿ ಮುಚ್ಚುವುದೇ, ಗಾಲಿ ತಿರುಗಿಸಿದಾಗ ಮಡ್‌ಗಾರ್ಡಿಗೆ ತಗುಲುವುದೇ ಎಂದು ಪರೀಕ್ಷಿಸಿ, ಸ್ವಲ್ಪ ದೂರ ಓಡಿಸಿ, ಬಳಿಕ ಎಲ್ಲವನ್ನೂ ಬಿಚ್ಚಿ ಬಣ್ಣ ಬಳಿಸಿ ಮತ್ತೆ ಜೋಡಿಸುತ್ತಾರೆ. ಬಣ್ಣ ಬಳಿದ ಮೇಲೆ ವೆಲ್ಡಿಂಗ್ ಕಿಡಿ ಹಾರಿಸಬೇಕಾಗಿ ಬಂದರೆ ತಿಂಗಳುಗಳ ಶ್ರಮ ಮಣ್ಣುಪಾಲು.

ಅಮೆರಿಕದಲ್ಲಿ ಇಂತಹ ಗಾಡಿಯ ನೋಂದಣಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ವಾಹನಗಳಿಗೆ ನಿಯತಕಾಲಿಕ ಹೊಗೆ ತಪಾಸಣೆಯಿಂದ ವಿನಾಯಿತಿ ಇರುವುದು ಈ ಹವ್ಯಾಸಕ್ಕೆ ದೊಡ್ಡ ಆಸರೆ. ಭಾರತದಲ್ಲಿ ಮಾತ್ರ ಪರಿಸ್ಥಿತಿ ಸಂಪೂರ್ಣ ಭಿನ್ನ. 1988ರ ಮೋಟಾರು ವಾಹನ ಕಾಯಿದೆಯ 52ನೇ ವಿಧಿಯು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಮೇಲೆ ವಿವರಿಸಿದಂತಹ ಚಾಸಿ, ಛಾವಣಿಗಳ ಕತ್ತರಿ ಕೆಲಸಕ್ಕೆ ಇಲ್ಲಿನ ರಸ್ತೆಯಲ್ಲಿ ಅವಕಾಶವಿಲ್ಲ.

ಊರಿನ ಮನೆಯ ಕೊಟ್ಟಿಗೆಯಲ್ಲೋ ತೋಟದ ಶೆಡ್ಡಿನಲ್ಲೋ ಅಜ್ಜನ ಕಾಲದ ಗಾಡಿ ಇನ್ನೂ ಇರುವ ಕುಟುಂಬಗಳು ನಮ್ಮಲ್ಲಿರಬಹುದು. ಅಂತಹವರಿಗೆ ಉಪಯುಕ್ತವಾದದ್ದು 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ವಿಂಟೇಜ್ ವಾಹನ ನಿಯಮಾವಳಿ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆ ಮುಂತಾದ ಸಂದರ್ಭಗಳಲ್ಲಿ ಓಡಿಸಬಹುದೇ ಹೊರತು ನಿತ್ಯ ಬಳಕೆಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಗ್ಯಾರೇಜಿಗೆ ಒಯ್ಯುವ ಮುನ್ನ ಹಳೆಯ ಆರ್.ಸಿ. ಪುಸ್ತಕ ಮನೆಯ ಕಪಾಟಿನಲ್ಲಿ ಇದೆಯೇ ಎಂದು ಹುಡುಕಿ ನೋಡುವುದು ಒಳ್ಳೆಯದು. ಅರ್ಜಿಯ ಜೊತೆ ಅದನ್ನು ಕೇಳುತ್ತಾರೆ.