ಕೊಲೆಸ್ಟ್ರಾಲಿಗೆ ಗಾಳಿ ತಾಗಿದಾಗ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮ್ಯಾಸಬೇಡ ಸಮುದಾಯದ ಕಟ್ಟೆಮನೆಗಳಲ್ಲೊಂದು, ಅಂದರೆ ಅವರ ನ್ಯಾಯ-ಕಟ್ಟಳೆಗಳ ಪೀಠ. ದೇವರ ಎತ್ತುಗಳನ್ನೂ ಅವನ್ನು ಕಾಯುವ ಕಿಲಾರಿಗಳನ್ನೂ ಇಂದಿಗೂ ಭಕ್ತಿಯಿಂದ ಕಾಣುವ ಸೀಮೆಯಲ್ಲಿ ಹಾಲು, ತುಪ್ಪ ಬರೀ ಊಟದ ಪದಾರ್ಥಗಳಲ್ಲ. ಇತ್ತ ಚಳ್ಳಕೆರೆ ಪೇಟೆ ಹೆಸರಾದದ್ದು ಶೇಂಗಾ ಎಣ್ಣೆ ಗಿರಣಿಗಳಿಂದ. ಎಣ್ಣೆ ಡಬ್ಬದ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಅಚ್ಚಾಗಿದ್ದರೆ ಅದು ಸುಳ್ಳಲ್ಲ. ಯಾವ ಗಿಡದ ಎಣ್ಣೆಯಲ್ಲೂ ಅದು ಇಲ್ಲವೆನ್ನುವಷ್ಟು ಕಡಿಮೆ. ತುಪ್ಪದಲ್ಲಿ ಇದೆ. ಆದರೆ ಎಷ್ಟಿದೆ ಎಂದು ಕೇಳುವ ನಾವು ಯಾವ ಸ್ಥಿತಿಯಲ್ಲಿದೆ ಎಂದು ಕೇಳುವುದಿಲ್ಲ.

ಕೊಲೆಸ್ಟ್ರಾಲ್ 27 ಇಂಗಾಲದ ಪರಮಾಣುಗಳ ಅಣು, ಸ್ಟೆರಾಲ್ ಗುಂಪಿನದು. ಅದಕ್ಕೆ ಆಮ್ಲಜನಕ ಹೆಚ್ಚಾಗಿ ಅಂಟಿಕೊಂಡರೆ ಆಕ್ಸಿಸ್ಟೆರಾಲ್ ಆಗುತ್ತದೆ. 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಾರ್ಕ್ ಜೇಕಬ್ಸನ್ ಬರೆದ ವರದಿ ಇದನ್ನು ನಮ್ಮ ತುಪ್ಪದ ಡಬ್ಬಿಗೇ ತಂದು ನಿಲ್ಲಿಸಿತು. ಅವರು ಪರೀಕ್ಷಿಸಿದ ತುಪ್ಪದ ಸ್ಟೆರಾಲ್‌ಗಳಲ್ಲಿ ಶೇ. 12.3ರಷ್ಟು ಆಕ್ಸಿಡೀಕರಣಗೊಂಡಿತ್ತು, ತಾಜಾ ಬೆಣ್ಣೆಯಲ್ಲಿ ಅದು ಕಾಣಲಿಲ್ಲ. ವಲಸೆ ಹೋದ ಭಾರತೀಯರಲ್ಲಿ ಹೃದ್ರೋಗ ಹೆಚ್ಚಲು ಇದೂ ಕಾರಣವಿರಬಹುದೇ ಎಂದು ಅವರು ಕೇಳಿದರು. ಅದು ಊಹೆ, ತೀರ್ಪಲ್ಲ. 1999ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇಲಿಗಳ ಆಹಾರದಲ್ಲಿ ತುಪ್ಪ ಬೆರೆಸಿ ನೋಡಿದಾಗ ರಕ್ತದ ಕೊಲೆಸ್ಟ್ರಾಲ್ ಏರಲಿಲ್ಲ. ಇಲಿಯ ಲೆಕ್ಕ ಮನುಷ್ಯರಿಗೆ ನೇರವಾಗಿ ಒಪ್ಪದು, ನಿಜ. ಆದರೂ ತುಪ್ಪವನ್ನೇ ವಿಷವೆಂದು ದೂರುವುದು ಅವಸರದ ಮಾತು.

ಏಕೆಂದರೆ ಇದೇ ಆಕ್ಸಿಸ್ಟೆರಾಲ್‌ಗಳನ್ನು ನಮ್ಮ ದೇಹ ಬೇಕೆಂದೇ ತಯಾರಿಸುತ್ತದೆ. ಬೆಂಕಿ ಒಲೆಯಲ್ಲಿ ಉರಿದರೆ ಅಡುಗೆ, ಬಣವೆಗೆ ತಗುಲಿದರೆ ನಷ್ಟ, ಇಲ್ಲೂ ಹಾಗೆಯೇ. ಯಕೃತ್ತಿನ ಕಿಣ್ವವೊಂದು ಕೊಲೆಸ್ಟ್ರಾಲಿನ 7ನೇ ಇಂಗಾಲಕ್ಕೆ ಆಮ್ಲಜನಕ ಸೇರಿಸುತ್ತದೆ, ಪಿತ್ತಾಮ್ಲದ ತಯಾರಿಕೆ ಅಲ್ಲಿಂದ ಶುರು. ಮಿದುಳಿನ ಕಥೆ ಇನ್ನೂ ಸೊಗಸು. ದೇಹತೂಕದ ಶೇ. 2ರಷ್ಟಿರುವ ಮಿದುಳಿನಲ್ಲಿ ದೇಹದ ಕೊಲೆಸ್ಟ್ರಾಲಿನ ಸುಮಾರು ಕಾಲುಭಾಗವಿದೆ. ಮಿದುಳಿಗೂ ರಕ್ತಕ್ಕೂ ನಡುವಿನ ತಡೆಯನ್ನು ಅದು ಹಾಗೇ ದಾಟಲಾರದು. 24ನೇ ಇಂಗಾಲಕ್ಕೆ ಆಮ್ಲಜನಕ ಅಂಟಿದರೆ ದಾರಿ ತೆರೆಯುತ್ತದೆ. ಹೆಚ್ಚಾದದ್ದು ರಕ್ತಕ್ಕಿಳಿದು ಯಕೃತ್ತು ಸೇರುತ್ತದೆ. ವೈರಸ್ ಎರಗಿದಾಗ ರಕ್ಷಣಾ ಕೋಶಗಳು 25-ಹೈಡ್ರಾಕ್ಸಿಕೊಲೆಸ್ಟ್ರಾಲ್ ಉತ್ಪಾದಿಸಿ ಅದನ್ನು ಎದುರಿಸುತ್ತವೆ. ಜೀವಕೋಶದಲ್ಲಿ ಕೊಲೆಸ್ಟ್ರಾಲ್ ಸಾಕಷ್ಟಾಯಿತು, ಇನ್ನು ತಯಾರಿಸಬೇಡ ಎಂಬ ಸಂದೇಶವೂ ಇಂಥ ಅಣುಗಳದ್ದೇ.

ಈ ಕೆಲಸ ಕೈಕೊಟ್ಟರೆ ಏನಾಗುತ್ತದೆಂದು ಒಂದು ಅಪರೂಪದ ಕಾಯಿಲೆ ತೋರಿಸುತ್ತದೆ. 27ನೇ ಇಂಗಾಲಕ್ಕೆ ಆಮ್ಲಜನಕ ಸೇರಿಸುವ ಕಿಣ್ವ ಹುಟ್ಟಿನಿಂದಲೇ ಕೆಟ್ಟಿದ್ದರೆ ಮಗುವಿಗೆ ವಾಸಿಯಾಗದ ಭೇದಿ, ಎಳವೆಯಲ್ಲೇ ಕಣ್ಣಿನ ಪೊರೆ, ಮುಂದೆ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಗಂಟು, ನಡಿಗೆಯಲ್ಲಿ ತೊಡರು. ಸೆರೆಬ್ರೊಟೆಂಡಿನಸ್ ಜ್ಯಾಂಥೊಮಟೋಸಿಸ್ ಎಂಬ ಈ ಕಾಯಿಲೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಕಾಣುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಕಡೆ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಇದನ್ನು ವೈದ್ಯರೂ ಹೆತ್ತವರೂ ನೆನಪಿಡಬೇಕು. ಬೇಗ ಪತ್ತೆಯಾದರೆ ಕೀನೊಡಿಆಕ್ಸಿಕೋಲಿಕ್ ಎಂಬ ಪಿತ್ತಾಮ್ಲವನ್ನೇ ಔಷಧಿಯಾಗಿ ಕೊಟ್ಟು ನರಗಳ ಹಾನಿಯನ್ನು ತಡೆಯಬಹುದು.

ಕಿಣ್ವದ ಹಿಡಿತವಿಲ್ಲದೆ ಗಾಳಿ, ಬೆಳಕು, ಬಿಸಿಗೆ ಸಿಕ್ಕ ಕೊಲೆಸ್ಟ್ರಾಲ್ ಬೇರೆ ದಾರಿ ಹಿಡಿಯುತ್ತದೆ. ಆಗ ಹುಟ್ಟುವ 7-ಕೀಟೊಕೊಲೆಸ್ಟ್ರಾಲ್ ಜೀವಕೋಶಗಳಿಗೆ ಹಾನಿಕರ. ಕೊಬ್ಬು ಕಟ್ಟಿಕೊಂಡ ರಕ್ತನಾಳಗಳ ಗೋಡೆಯಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಅಲ್ಲಿ ಸೇರಿದ್ದರ ಬಹುಪಾಲು ದೇಹದೊಳಗೇ ಆದದ್ದಿರಬಹುದು. ಧೂಮಪಾನ, ಸಕ್ಕರೆ ಕಾಯಿಲೆ ಅದಕ್ಕೆ ಒತ್ತಾಸೆ.

ಅಡುಗೆಮನೆಯಲ್ಲಿ ಮಾಡಬಹುದಾದದ್ದು ಸರಳ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಗಸಿ ಹೊಂಬಣ್ಣಕ್ಕೆ ಬರುತ್ತಲೇ ಇಳಿಸಿ. ವೀಳ್ಯದೆಲೆ, ಕರಿಬೇವು ಹಾಕುವ ರೂಢಿ ಬಿಡಬೇಡಿ, ಆ ಎಲೆಗಳಲ್ಲಿ ಆಕ್ಸಿಡೀಕರಣ ತಡೆಯುವ ಅಂಶಗಳಿವೆ. ಮುಚ್ಚಳ ಬಿಗಿಯಾಗಿರಲಿ, ಬಿಸಿಲು ತಾಗದಿರಲಿ, ಕಮಟು ವಾಸನೆ ಬಂದ ತುಪ್ಪ ಊಟಕ್ಕೆ ಬೇಡ. ಕೊಲೆಸ್ಟ್ರಾಲ್ ಇಲ್ಲದ ಶೇಂಗಾ ಎಣ್ಣೆಯೂ ಇದಕ್ಕೆ ಹೊರತಲ್ಲ. ಮತ್ತೆ ಮತ್ತೆ ಕಾಯಿಸಿದರೆ ಅದರ ಕೊಬ್ಬಿನಾಮ್ಲಗಳೂ ಸ್ಟೆರಾಲ್‌ಗಳೂ ಕೆಡುತ್ತವೆ. ಕಾದು ಕೆಟ್ಟ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಮಂಡಕ್ಕಿ-ಮಿರ್ಚಿ ತಿನ್ನಲು ನಿಂತಾಗ ಬಾಣಲೆಯತ್ತ ಒಮ್ಮೆ ನೋಡಿ. ಎಣ್ಣೆ ಕಪ್ಪಾಗಿ ನೊರೆಗಟ್ಟಿದ್ದರೆ ಬೇರೆ ಅಂಗಡಿಗೆ ಹೋಗಿ.